ವಿಟಮಿನ್ ಡಿ ಕಡಿಮೆ ಇರುವ ಜೀನ್ ಇದ್ದರೆ ಸ್ತನ ಕ್ಯಾನ್ಸರ್ ಬರುತ್ತದೆಯೇ?

ಪ್ರಶ್ನೆ: ನನಗೆ 41 ವರ್ಷ. ಹಾಸನದ ಹತ್ತಿರ ಶಾಲಾ ಶಿಕ್ಷಕಿ. ಕಳೆದ ವರ್ಷ ಮೈಕೈ ನೋವೆಂದು ರಕ್ತ ಪರೀಕ್ಷೆ ಮಾಡಿಸಿದಾಗ ವಿಟಮಿನ್ ಡಿ 14 ಬಂತು. ಡಾಕ್ಟರು ವಾರಕ್ಕೊಂದರಂತೆ 60,000 ಯೂನಿಟ್‌ನ ಪುಡಿ ಬರೆದುಕೊಟ್ಟರು. ಆಮೇಲೆ ನನ್ನ ತಮ್ಮ ಆನ್‌ಲೈನ್‌ನಲ್ಲಿ ಒಂದು ಜೀನ್ ಟೆಸ್ಟ್ ಕಿಟ್ ತರಿಸಿದ. ಎಂಜಲು ತುಂಬಿಸಿ ಕಳಿಸಿದೆ. ಜಿಸಿ, ಸಿವೈಪಿ2ಆರ್1 ಎಂಬ ಜೀನ್‌ಗಳಲ್ಲಿ ವ್ಯತ್ಯಾಸ ಇದೆ, ವಿಟಮಿನ್ ಡಿ ಕೊರತೆಯ ಅಪಾಯ ಹೆಚ್ಚು ಎಂದು ವರದಿಯಲ್ಲಿ ಕೆಂಪು ಬಣ್ಣದಲ್ಲಿ ಬಂದಿದೆ. ವಿಟಮಿನ್ ಡಿ ಕಡಿಮೆ ಇರುವವರಿಗೆ ಸ್ತನ ಕ್ಯಾನ್ಸರ್ ಜಾಸ್ತಿ ಎಂದು ಎಲ್ಲೋ ಓದಿದ ಮೇಲೆ ನಿದ್ದೆ ಹೋಗಿದೆ. ನನ್ನ ಚಿಕ್ಕಮ್ಮನಿಗೆ (ಅಮ್ಮನ ತಂಗಿ) 38ನೇ ವಯಸ್ಸಿನಲ್ಲೇ ಸ್ತನ ಕ್ಯಾನ್ಸರ್ ಆಗಿತ್ತು. ಚಿಕಿತ್ಸೆ ಮುಗಿದು ಈಗ ಚೆನ್ನಾಗಿದ್ದಾರೆ. ಅವರಿಗೂ ವಿಟಮಿನ್ ಡಿ ಕಡಿಮೆ ಇತ್ತಂತೆ. ಅಮ್ಮನ ತಾಯಿ 52ಕ್ಕೆ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ತೀರಿಕೊಂಡರು, ಅದು ಬೇರೆ ಕಾಯಿಲೆ. ಏಳು ತಿಂಗಳಾದರೂ ನಾನು ಪುಡಿ ನಿಲ್ಲಿಸಿಲ್ಲ. ನಿಲ್ಲಿಸಿದರೆ ಕ್ಯಾನ್ಸರ್ ಬಂದೀತೆಂದು ಭಯ. 16 ವರ್ಷದ ಮಗಳಿಗೂ ಈ ಟೆಸ್ಟ್ ಮಾಡಿಸಬೇಕೇ?

ಉತ್ತರ: ನೀವು ಕೇಳಿದ್ದಕ್ಕೆ ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆ ಕೆಂಪು ಬಣ್ಣದ ಸಾಲುಗಳಿಂದ ನಿಮಗೆ ಸ್ತನ ಕ್ಯಾನ್ಸರ್‌ನ ಅಪಾಯ ಹೆಚ್ಚಾಗಿಲ್ಲ. ಮಗಳಿಗೆ ಆ ಟೆಸ್ಟ್ ಬೇಡ. ಪುಡಿಯನ್ನು ಇಷ್ಟು ದಿನ ಮುಂದುವರಿಸಿದ್ದು ಸರಿಯಲ್ಲ, ಈ ವಾರವೇ ಡಾಕ್ಟರನ್ನು ಕಂಡು ಮಾತಾಡಿ. ಆದರೆ ನಿಮ್ಮ ಪತ್ರದಲ್ಲಿ ನೀವು ಸುಮ್ನೆ ಹೇಳಿ ದಾಟಿದ ಒಂದು ವಿಷಯ ಇದೆ. ಅದು ನನಗೆ ಜಿಸಿ ಜೀನ್‌ಗಿಂತ ಎಷ್ಟೋ ದೊಡ್ಡದಾಗಿ ಕಂಡಿತು. ಅದಕ್ಕೆ ಕೊನೆಗೆ ಬರುತ್ತೇನೆ, ದಯವಿಟ್ಟು ಅಲ್ಲಿಯವರೆಗೂ ಓದಿ.

ಆ ಜೀನ್‌ಗಳು ಏನು ಮಾಡುತ್ತವೆ ನೋಡೋಣ. ನಮ್ಮ ಚರ್ಮದಲ್ಲಿ ಕೊಲೆಸ್ಟರಾಲ್ ಆಗುವುದಕ್ಕೆ ಒಂದು ಹೆಜ್ಜೆ ಹಿಂದಿನ ವಸ್ತುವೊಂದು ಇರುತ್ತದೆ. ಬಿಸಿಲಿನ ಯುವಿ-ಬಿ ಕಿರಣ ತಾಗಿದರೆ ಅದು ವಿಟಮಿನ್ ಡಿ ಆಗುತ್ತದೆ. ತಾಗದಿದ್ದರೆ ಡಿಎಚ್‌ಸಿಆರ್7 ಎಂಬ ಜೀನ್‌ನ ಕಿಣ್ವ ಅದನ್ನು ಕೊಲೆಸ್ಟರಾಲ್ ಮಾಡಿಬಿಡುತ್ತದೆ. ಚರ್ಮದಲ್ಲಿ ತಯಾರಾದ ವಿಟಮಿನ್ ಲಿವರ್‌ಗೆ ಹೋಗುತ್ತದೆ. ಅಲ್ಲಿ ಸಿವೈಪಿ2ಆರ್1 ಅದಕ್ಕೆ ಒಂದು ಬದಲಾವಣೆ ಮಾಡುತ್ತದೆ. ಲ್ಯಾಬ್‌ನವರು ಅಳೆದು 14 ಎಂದು ಬರೆದದ್ದು ಈ ರೂಪವನ್ನು. ಮುಂದೆ ಕಿಡ್ನಿಯಲ್ಲಿ ಇನ್ನೊಂದು ಬದಲಾವಣೆ ಆಗಿ ಅದು ನಿಜವಾಗಿ ಕೆಲಸ ಮಾಡುವ ಹಾರ್ಮೋನ್ ಆಗುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಒಡೆದು ಹಾಕಲು ಸಿವೈಪಿ24ಎ1 ಇದೆ.

ಇನ್ನು ಜಿಸಿ. ವಿಟಮಿನ್ ಡಿ ರಕ್ತದಲ್ಲಿ ಒಂಟಿಯಾಗಿ ಓಡಾಡುವುದಿಲ್ಲ, ಬಸ್ಸು ಹತ್ತಿಯೇ ಹೋಗುತ್ತದೆ. ಆ ಬಸ್ಸು ಒಂದು ಪ್ರೋಟೀನ್, ಅದನ್ನು ತಯಾರಿಸುವ ಜೀನ್ ಜಿಸಿ. ಕೆಲವರಲ್ಲಿ ಬಸ್ಸುಗಳು ಸ್ವಲ್ಪ ಕಡಿಮೆ, ಇಲ್ಲವೇ ಬಸ್ಸಿನ ಸೀಟು ಸ್ವಲ್ಪ ಬೇರೆ ತರಹ. ಲ್ಯಾಬ್ ಎಣಿಸುವುದು ಬಹುಮಟ್ಟಿಗೆ ಬಸ್ಸಿನೊಳಗೆ ಕೂತವರನ್ನು. ಬಸ್ಸು ಕಡಿಮೆ ಇದ್ದ ಊರಿನಲ್ಲಿ ಎಣಿಕೆ ಕಡಿಮೆ ಬರುತ್ತದೆ, ಆದರೆ ಇಳಿದು ಮನೆ ಸೇರಿದವರು ಅಷ್ಟೇ ಇರಬಹುದು. ಅಂದರೆ ಜಿಸಿ ವ್ಯತ್ಯಾಸದಿಂದ ರಿಪೋರ್ಟಿನ ಅಂಕಿ ಇಳಿದಿದ್ದರೂ ದೇಹದ ಜೀವಕೋಶಗಳು ಅಷ್ಟೇ ಪ್ರಮಾಣದಲ್ಲಿ ಹಸಿದಿವೆ ಎಂದು ಅರ್ಥವಲ್ಲ. ಈ ಪ್ರೋಟೀನ್ ಒಂದಿಷ್ಟೂ ಇಲ್ಲದ ಮಹಿಳೆಯೊಬ್ಬರ ವಿಷಯ 2019ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಅವರ ರಕ್ತದಲ್ಲಿ ವಿಟಮಿನ್ ಡಿ ತೀರಾ ಕಡಿಮೆ, ಆದರೆ ಕ್ಯಾಲ್ಸಿಯಂ ಸರಿಯಾಗಿಯೇ ಇತ್ತು. ನಿಮ್ಮ ಕಿಟ್‌ನ ವರದಿ ಇಂಥದ್ದನ್ನೆಲ್ಲ ಹೇಳುವುದಿಲ್ಲ. ಕೆಂಪು ಬಣ್ಣ ಬಳಿದು ಕೈತೊಳೆದುಕೊಳ್ಳುತ್ತದೆ.

ಹಾಗಾದರೆ ಈ ಜೀನ್‌ಗಳಿಗೆ ಬೆಲೆಯೇ ಇಲ್ಲವೇ? ಇದೆ. 2010ರಲ್ಲಿ ಯುರೋಪ್ ಮೂಲದ ಸುಮಾರು 34,000 ಜನರ ಅಧ್ಯಯನವೊಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದು ಎತ್ತಿ ತೋರಿಸಿದ್ದು ಇವೇ ಜೀನ್‌ಗಳನ್ನು. ಇವುಗಳ ಕೆಟ್ಟ ರೂಪ ಹೆಚ್ಚಾಗಿ ಪಡೆದ ಕಾಲುಭಾಗ ಜನರನ್ನು ಕಡಿಮೆ ಪಡೆದ ಕಾಲುಭಾಗದವರ ಜೊತೆ ಹೋಲಿಸಿದರು. ಮೊದಲನೆಯವರ ಮಟ್ಟ 30ಕ್ಕಿಂತ ಕೆಳಗಿರುವ ಸಾಧ್ಯತೆ ಹೆಚ್ಚು ಕಡಿಮೆ ಎರಡೂವರೆ ಪಟ್ಟು. ಕೇಳಲು ದೊಡ್ಡದೇ. ಆದರೆ ಒಬ್ಬರಿಂದೊಬ್ಬರಿಗೆ ಇರುವ ಒಟ್ಟು ವ್ಯತ್ಯಾಸದಲ್ಲಿ ಈ ಜೀನ್‌ಗಳ ಪಾಲು ನೂರರಲ್ಲಿ ಐದಕ್ಕೂ ಕಡಿಮೆ. 2020ರಲ್ಲಿ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಎಂಬ ಆರೋಗ್ಯ ಮಾಹಿತಿ ಸಂಗ್ರಹದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ನೋಡಿದಾಗ ಡಿಎನ್‌ಎಯಲ್ಲಿ ಇಂಥ 143 ಜಾಗಗಳು ಸಿಕ್ಕವು. ಬಹುತೇಕ ಒಂದೊಂದರ ಪ್ರಭಾವವೂ ಹುಲ್ಲುಕಡ್ಡಿಯಷ್ಟು.

ಉಳಿದದ್ದು ಬಿಸಿಲು, ಮೈಬಣ್ಣ, ಬಟ್ಟೆ, ತೂಕ, ಊಟ. ನೀವು ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ತರಗತಿಯೊಳಗೆ ಇರುತ್ತೀರಿ ಅಲ್ವಾ? ನಿಮ್ಮ 14ಕ್ಕೆ ಜೀನ್‌ಗಿಂತ ಶಾಲೆಯ ಗಂಟೆಯೇ ಹೆಚ್ಚು ಕಾರಣ ಇದ್ದೀತು. ಇಲ್ಲಿ ಒಂದು ತಪ್ಪು ತಿಳಿವಳಿಕೆಯ ಬಗ್ಗೆಯೂ ಹೇಳಬೇಕು. ಎಳೆ ಬಿಸಿಲು ಒಳ್ಳೆಯದು ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರೆ. ಮೈಗೆ ಹಿತ, ನಿಜ. ಆದರೆ ಏಳು ಗಂಟೆಯ ಬಿಸಿಲಿನಲ್ಲಿ ಯುವಿ-ಬಿ ಬಹಳ ಕಡಿಮೆ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಚಿಕ್ಕದಾಗಿರುವ ಹೊತ್ತಿನಲ್ಲೇ ಚರ್ಮಕ್ಕೆ ಸರಿಯಾಗಿ ಕೆಲಸ ಸಿಗುತ್ತದೆ. ಕಿಟಕಿಯ ಗಾಜಿನ ಹಿಂದೆ ಕೂತರೆ ಅದೂ ಇಲ್ಲ, ಗಾಜು ಯುವಿ-ಬಿಯನ್ನು ತಡೆಯುತ್ತದೆ.

ಈಗ ನಿಮ್ಮ ನಿದ್ದೆ ಕೆಡಿಸಿದ ಮಾತು: ವಿಟಮಿನ್ ಡಿ ಕಡಿಮೆ ಇರುವವರಿಗೆ ಸ್ತನ ಕ್ಯಾನ್ಸರ್ ಜಾಸ್ತಿ. ಇದನ್ನು ಯಾರೂ ಗಾಳಿಯಲ್ಲಿ ಹುಟ್ಟಿಸಿದ್ದಲ್ಲ. 1990ರಲ್ಲಿ ಅಮೆರಿಕದ ಫ್ರಾಂಕ್ ಗಾರ್ಲೆಂಡ್ ಮತ್ತು ಜೊತೆಗಾರರು ತಮ್ಮ ದೇಶದ ನಕ್ಷೆ ಹರಡಿಕೊಂಡು ನೋಡಿದರು. ಬಿಸಿಲು ಕಡಿಮೆ ಇರುವ ಕಡೆ ಸ್ತನ ಕ್ಯಾನ್ಸರ್‌ನಿಂದ ಸಾಯುವವರು ಹೆಚ್ಚು ಎಂದು ಕಂಡಿತು. ಆಮೇಲೆ ಎಷ್ಟೋ ಕಡೆ ರಕ್ತ ಪರೀಕ್ಷೆಗಳಲ್ಲೂ ಕ್ಯಾನ್ಸರ್ ಇರುವವರಲ್ಲಿ ವಿಟಮಿನ್ ಡಿ ಕಡಿಮೆ ಬಂತು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಸ್ತನದ ಜೀವಕೋಶಗಳಿಗೆ ಈ ಹಾರ್ಮೋನ್ ಹಾಕಿದರೆ ಅವು ಒಡೆದು ಎರಡಾಗುವ ವೇಗ ಇಳಿಯುತ್ತದೆ. ಎಲ್ಲ ಸೇರಿಸಿದರೆ ಕಥೆ ಪೂರ್ತಿಯಾದಂತೆ ಕಾಣುತ್ತದೆ. ನಾನೂ ಒಂದು ಕಾಲದಲ್ಲಿ ಇದನ್ನು ಅರ್ಧಕ್ಕಿಂತ ಹೆಚ್ಚೇ ನಂಬಿದ್ದೆ.

ತೊಡಕು ಎಲ್ಲಿದೆ ಎಂದರೆ, ವಿಟಮಿನ್ ಡಿ ಕಡಿಮೆ ಇರುವವರು ಬೇರೆ ವಿಷಯಗಳಲ್ಲೂ ಉಳಿದವರ ಹಾಗೆ ಇರುವುದಿಲ್ಲ. ತೂಕ ಹೆಚ್ಚಿದ್ದರೆ ರಕ್ತದಲ್ಲಿ ವಿಟಮಿನ್ ಡಿ ಇಳಿಯುತ್ತದೆ. ಮುಟ್ಟು ನಿಂತ ಮೇಲೆ ತೂಕ ಹೆಚ್ಚಿದ್ದರೆ ಸ್ತನ ಕ್ಯಾನ್ಸರ್‌ನ ಅಪಾಯವೂ ಏರುತ್ತದೆ. ದಿನಾ ನಡೆಯುವವರಿಗೆ ಬಿಸಿಲೂ ಸಿಗುತ್ತದೆ, ನಡಿಗೆಯ ಲಾಭವೂ ಸಿಗುತ್ತದೆ. ಕಾಯಿಲೆ ಬಿದ್ದವರು ಮನೆಯೊಳಗೇ ಇರುತ್ತಾರೆ, ಊಟ ಕಡಿಮೆ ಮಾಡುತ್ತಾರೆ. ಆಗ ವಿಟಮಿನ್ ಡಿ ಇಳಿದದ್ದು ಕಾಯಿಲೆಯ ಫಲವೇ ಹೊರತು ಕಾರಣ ಅಲ್ಲ. ನಿಮ್ಮ ಚಿಕ್ಕಮ್ಮನಿಗೆ ವಿಟಮಿನ್ ಡಿ ಕಡಿಮೆ ಇತ್ತು ಎಂದಿರಿ. ಅವರ ರಕ್ತ ತೆಗೆದದ್ದು ಕ್ಯಾನ್ಸರ್ ಗೊತ್ತಾದ ಮೇಲೋ, ಮೊದಲೋ? ಮೇಲಾದರೆ ಆ ಅಂಕಿಯಿಂದ ಹಿಂದಿನದನ್ನು ಹೇಳಲು ಆಗುವುದಿಲ್ಲ.

ಈ ಗಂಟು ಬಿಡಿಸಲು ವಿಜ್ಞಾನಿಗಳು ಬಳಸಿದ್ದು ನಿಮ್ಮನ್ನು ಹೆದರಿಸಿದ ಆ ಜೀನ್‌ಗಳನ್ನೇ. ಉಪಾಯ ಹಳೆಯದು. 1986ರಲ್ಲಿ ನೆದರ್‌ಲೆಂಡ್ಸ್‌ನ ಮಾರ್ಟೈನ್ ಕಟಾನ್ ಲ್ಯಾನ್ಸೆಟ್‌ಗೆ ಒಂದು ಚಿಕ್ಕ ಪತ್ರ ಬರೆದರು. ಆಗ ಕೊಲೆಸ್ಟರಾಲ್ ಕಡಿಮೆ ಇದ್ದರೆ ಕ್ಯಾನ್ಸರ್ ಬರುತ್ತದೆ ಎಂಬ ಗುಲ್ಲು ಎದ್ದಿತ್ತು. ಕಟಾನ್ ಹೇಳಿದ್ದು ಇಷ್ಟೇ: ಹುಟ್ಟಿನಿಂದಲೇ ಕೊಲೆಸ್ಟರಾಲ್ ಕಡಿಮೆ ಇಡುವ ಜೀನ್ ಕೆಲವರಲ್ಲಿ ಇದೆ, ಅವರಿಗೆ ಕ್ಯಾನ್ಸರ್ ಜಾಸ್ತಿಯೇ ನೋಡಿ. ಜಾಸ್ತಿ ಇದ್ದರೆ ಕೊಲೆಸ್ಟರಾಲ್ ಮೇಲೆ ಅನುಮಾನ ಪಡಿ. ಇಲ್ಲದಿದ್ದರೆ ಒಳಗೆ ಅಡಗಿದ ಕ್ಯಾನ್ಸರೇ ಅದನ್ನು ಇಳಿಸಿರಬೇಕು. 2003ರಲ್ಲಿ ಬ್ರಿಸ್ಟಲ್‌ನ ಜಾರ್ಜ್ ಡೇವಿ ಸ್ಮಿತ್ ಮತ್ತು ಶಾ ಇಬ್ರಾಹಿಂ ಈ ಉಪಾಯವನ್ನು ಬೆಳೆಸಿ ಎಲ್ಲರೂ ಬಳಸುವಂತೆ ಮಾಡಿದರು. ಬಟಾಣಿ ಗಿಡಗಳ ಮೆಂಡೆಲ್‌ನ ಹೆಸರು ಇದಕ್ಕಿದೆ, ಮೆಂಡೆಲಿಯನ್ ರಾಂಡಮೈಸೇಶನ್ ಅನ್ನುತ್ತಾರೆ.

ನಾನು ಇದನ್ನು ಚೀಟಿ ಎತ್ತುವುದು ಅನ್ನುತ್ತೇನೆ. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಒಂದೊಂದು ಚೀಟಿ, ಗರ್ಭ ಕಟ್ಟುವ ಹೊತ್ತಿಗೇ ಎತ್ತಿ ಆಗಿರುತ್ತದೆ. ನೀವು ಮುಂದೆ ದಪ್ಪ ಆಗುತ್ತೀರೋ, ಬಿಸಿಲಲ್ಲಿ ನಡೆಯುತ್ತೀರೋ, ಕಾಯಿಲೆ ಬೀಳುತ್ತೀರೋ ಎಂಬುದು ಆ ಚೀಟಿಗೆ ಗೊತ್ತಿಲ್ಲ. ಆಮೇಲೆ ಬರುವ ಕಾಯಿಲೆ ಚೀಟಿಯನ್ನು ತಿದ್ದಲೂ ಆಗದು. ವಿಟಮಿನ್ ಡಿ ಕಡಿಮೆ ಇಡುವ ಚೀಟಿ ಸಿಕ್ಕವರು, ಹೆಚ್ಚು ಇಡುವ ಚೀಟಿ ಸಿಕ್ಕವರು ಎಂದು ಎರಡು ಗುಂಪು ತಾನಾಗಿಯೇ ಆಗಿರುತ್ತದೆ. ವಿಟಮಿನ್ ಡಿ ಕೊರತೆಯೇ ಕ್ಯಾನ್ಸರ್ ತರುವುದಾದರೆ ಮೊದಲ ಗುಂಪಿನಲ್ಲಿ ಕ್ಯಾನ್ಸರ್ ಹೆಚ್ಚು ಕಾಣಬೇಕು.

ಕಂಡಿತೇ? 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಏಳು ಬಗೆಯ ಕ್ಯಾನ್ಸರ್‌ಗಳನ್ನು ಹೀಗೆ ನೋಡಿದ ಅಧ್ಯಯನ ಬಂತು. 70,563 ರೋಗಿಗಳು, 84,418 ಆರೋಗ್ಯವಂತರು. ಜೀನ್‌ನಿಂದಾಗಿ ವಿಟಮಿನ್ ಡಿ ಮಿಲಿಲೀಟರಿಗೆ 10 ನ್ಯಾನೋಗ್ರಾಂ (ನಿಮ್ಮ 14 ಕೂಡ ಇದೇ ಅಳತೆ) ಹೆಚ್ಚಿದ್ದರೆ ಸ್ತನ ಕ್ಯಾನ್ಸರ್‌ನ ಸಾಧ್ಯತೆ 1.05 ಪಟ್ಟು ಎಂದು ಬಂತು. ಒಂದು ಎಂದರೆ ಏನೂ ವ್ಯತ್ಯಾಸ ಇಲ್ಲ. ಈ ಲೆಕ್ಕದ ತಪ್ಪಿನ ಅಂಚು 0.89ರಿಂದ 1.24, ಅಂದರೆ ಒಂದನ್ನು ನಡುವೆ ಇಟ್ಟುಕೊಂಡೇ ಇದೆ. ವಿಟಮಿನ್ ಡಿ ಕಾಪಾಡುವುದಾದರೆ ಒಂದಕ್ಕಿಂತ ಸ್ಪಷ್ಟವಾಗಿ ಕೆಳಗೆ ಬರಬೇಕಿತ್ತು. ಎರಡು ವರ್ಷದ ಮೇಲೆ ಇನ್ನೂ ದೊಡ್ಡ ಲೆಕ್ಕ ನಡೆಯಿತು. ಈ ಸಲ ಬರೀ ಸ್ತನ ಕ್ಯಾನ್ಸರ್ ಆದವರೇ 1,22,977 ಮಂದಿ. ಉತ್ತರ ಮತ್ತೆ ಒಂದರ ಆಸುಪಾಸಿಗೇ ಬಂದು ನಿಂತಿತು.

ಈ ವಿಧಾನದಲ್ಲೂ ಹುಳುಕು ಇದೆ. ಚೀಟಿಯಿಂದ ಆಗುವ ವ್ಯತ್ಯಾಸ ಸಣ್ಣದು, ಹಾಗಾಗಿ ತೀರಾ ಚಿಕ್ಕ ಲಾಭವೊಂದು ಕಣ್ತಪ್ಪಿಸಿಕೊಳ್ಳಬಹುದು. ಮಟ್ಟ ಐದೋ ಆರೋ ಇರುವವರ ಬಗ್ಗೆ ಇದು ಹೆಚ್ಚು ಹೇಳುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ, ಈ ಲೆಕ್ಕಗಳೆಲ್ಲ ಯುರೋಪ್ ಮೂಲದವರ ಮೇಲೆ ನಡೆದವು. ನಿಮ್ಮ ಕಿಟ್‌ನವರು ಆ ಬಿಳಿಯರ ಲೆಕ್ಕವನ್ನೇ ಹಾಸನದ ಹೆಂಗಸಿಗೆ ಹಾಕಿ ಕೆಂಪು ಬಣ್ಣ ಬಳಿದಿರಬಹುದು ಎಂಬುದೂ ಗಮನದಲ್ಲಿರಲಿ.

ಅದಕ್ಕೇ ನಾನು ನೇರ ಪ್ರಯೋಗಗಳನ್ನೂ ನೋಡುತ್ತೇನೆ. ಅಮೆರಿಕದಲ್ಲಿ ವೈಟಲ್ ಎಂಬ ಪ್ರಯೋಗ ನಡೆಯಿತು. 25,871 ಜನರಲ್ಲಿ ಅರ್ಧ ಜನಕ್ಕೆ ದಿನಾ 2,000 ಯೂನಿಟ್ ವಿಟಮಿನ್ ಡಿ, ಉಳಿದವರಿಗೆ ಅದೇ ತರಹ ಕಾಣುವ ಹುಸಿ ಮಾತ್ರೆ. ಐದು ವರ್ಷದ ಮೇಲೆ ಸ್ತನ ಕ್ಯಾನ್ಸರ್ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ. ಅದಕ್ಕೂ ಮೊದಲು ಮುಟ್ಟು ನಿಂತ 36,282 ಹೆಂಗಸರ ಮೇಲೆ ಕ್ಯಾಲ್ಸಿಯಂ ಜೊತೆ 400 ಯೂನಿಟ್ ಕೊಟ್ಟು ಏಳು ವರ್ಷ ನೋಡಿದ್ದರು. ಅಲ್ಲೂ ಲಾಭ ಕಾಣಲಿಲ್ಲ, ಆದರೆ ಆ ಡೋಸ್ ಬಹಳ ಕಡಿಮೆ ಎಂಬ ದೂರು ನ್ಯಾಯವೇ. ವೈಟಲ್‌ನವರ ಮೇಲೂ ಒಂದು ದೂರಿದೆ: ಸೇರಿದವರಲ್ಲಿ ಬಹುತೇಕರಿಗೆ ಮೊದಲೇ ವಿಟಮಿನ್ ಡಿ ಸಾಕಷ್ಟಿತ್ತು. ಅದೇ ಪ್ರಯೋಗದಲ್ಲಿ ಎಲ್ಲ ಬಗೆಯ ಕ್ಯಾನ್ಸರ್ ಸೇರಿಸಿ ನೋಡಿದಾಗ, ಹರಡಿದ ಅಥವಾ ಸಾವು ತಂದ ಕ್ಯಾನ್ಸರ್ ವಿಟಮಿನ್ ಡಿ ತಗೊಂಡವರಲ್ಲಿ ನೂರಕ್ಕೆ 17ರಷ್ಟು ಕಡಿಮೆ ಕಂಡಿತು. ಕುತೂಹಲದ ಸಂಗತಿ. ಆದರೆ ಅದನ್ನು ನಂಬಿ ಸ್ತನ ಕ್ಯಾನ್ಸರ್ ತಡೆಯಲು ಪುಡಿ ಬರೆದುಕೊಡುವಷ್ಟು ಗಟ್ಟಿಯಲ್ಲ.

ವಿಡಿಆರ್ ಎಂಬ ಇನ್ನೊಂದು ಹೆಸರೂ ಇಂಥ ವರದಿಗಳಲ್ಲಿ ಇರುತ್ತದೆ, ಫೋಕ್‌ಒನ್, ಟಾಕ್‌ಒನ್ ಎಂಬ ಬಾಲದೊಂದಿಗೆ. ವಿಟಮಿನ್ ಡಿ ಹಾರ್ಮೋನ್ ಬಂದು ಕೂರುವ ಗ್ರಾಹಕದ ಜೀನ್ ಅದು. ಬಾಲದ ಹೆಸರುಗಳು ಹಳೆಯ ಕಾಲದಲ್ಲಿ ಡಿಎನ್‌ಎ ಕತ್ತರಿಸಲು ಬಳಸುತ್ತಿದ್ದ ಕಿಣ್ವಗಳವು, ಅಷ್ಟೇ. ಒಂದು ಅಧ್ಯಯನ ಅಪಾಯ ಇದೆ ಅನ್ನುತ್ತದೆ, ಮುಂದಿನದು ಇಲ್ಲ ಅನ್ನುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ಪುಡಿಯ ವಿಷಯ. ನಿಮಗೆ 14 ಇದ್ದದ್ದು ನಿಜ, ಚಿಕಿತ್ಸೆ ಬೇಕಿತ್ತು, ಅದು ಮೂಳೆ ಮತ್ತು ಸ್ನಾಯುಗಳಿಗಾಗಿ. ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟು ವಾರ ಕೊಟ್ಟು ಆಮೇಲೆ ಕಡಿಮೆ ಡೋಸ್‌ಗೆ ಇಳಿಸುತ್ತಾರೆ. ವಾರಕ್ಕೆ 60,000 ಎಂದರೆ ದಿನಕ್ಕೆ 8,500 ಯೂನಿಟ್‌ಗೂ ಮೇಲೆ. ದೊಡ್ಡವರಿಗೆ ದಿನಕ್ಕೆ 600 ಯೂನಿಟ್ ಸಾಕು, ವೈದ್ಯರ ನಿಗಾ ಇಲ್ಲದೆ 4,000 ದಾಟಬಾರದು. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಬಾಯಾರಿಕೆ, ವಾಕರಿಕೆ, ಮಲಬದ್ಧತೆ, ಪದೇ ಪದೇ ಮೂತ್ರ, ಮುಂದೆ ಕಿಡ್ನಿ ಕಲ್ಲು. ವಿಟಮಿನ್ ಡಿ, ಕ್ಯಾಲ್ಸಿಯಂ, ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಮೂರನ್ನೂ ಒಮ್ಮೆ ನೋಡಿಸಿ. ಅಲ್ಲಿಯವರೆಗೆ ಮುಂದಿನ ಪುಡಿ ತೆಗೆದುಕೊಳ್ಳಬೇಡಿ. ಒಂದೆರಡು ವಾರ ಬಿಟ್ಟರೆ ಏನೂ ಆಗುವುದಿಲ್ಲ, ಇದು ಕೊಬ್ಬಿನಲ್ಲಿ ಉಳಿಯುವ ವಿಟಮಿನ್. ನಿಮ್ಮ ಜೀನ್‌ಗಳಿಂದ ಅಂಕಿ ಏರುವುದು ಸ್ವಲ್ಪ ನಿಧಾನ ಆಗಿದ್ದರೂ ಔಷಧ ಕೆಲಸ ಮಾಡುತ್ತದೆ. ಇನ್ನೊಂದು ಮಾತು: ಚಿಕ್ಕಮ್ಮನಿಗೆ ಅವರ ಡಾಕ್ಟರು ವಿಟಮಿನ್ ಡಿ ಕೊಟ್ಟಿದ್ದರೆ ನನ್ನ ಉತ್ತರ ಓದಿ ಅವರು ನಿಲ್ಲಿಸುವುದು ಬೇಡ. ಸ್ತನ ಕ್ಯಾನ್ಸರ್‌ಗೆ ಕೊಡುವ ಕೆಲವು ಹಾರ್ಮೋನ್ ಮಾತ್ರೆಗಳು ಮೂಳೆ ಸವೆಸುತ್ತವೆ, ಅದಕ್ಕೆ ಇದು ಬೇಕು.

ಇನ್ನು ನಾನು ಕೊನೆಗೆ ಇಟ್ಟುಕೊಂಡ ವಿಷಯ. ಅಜ್ಜಿ 52ಕ್ಕೆ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ತೀರಿಕೊಂಡರು, ಅದು ಬೇರೆ ಕಾಯಿಲೆ ಎಂದು ಬರೆದಿದ್ದೀರಿ. ಬೇರೆಯೇ ಇರಬಹುದು. ಲಿವರ್ ಕೆಟ್ಟರೂ, ಕ್ಷಯ ಆದರೂ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಆದರೆ ಆ ವಯಸ್ಸಿನ ಹೆಂಗಸಿನಲ್ಲಿ ಅಂಡಾಶಯದ ಕ್ಯಾನ್ಸರ್ ಕೂಡ ಹೀಗೆಯೇ ಕಾಣಿಸಿಕೊಳ್ಳುತ್ತದೆ. ಹಿಂದೆ ಹಳ್ಳಿಗಳಲ್ಲಿ ಅದಕ್ಕೆ ಹೆಸರು ಸಿಗುತ್ತಲೇ ಇರಲಿಲ್ಲ, ಹೊಟ್ಟೆ ಊದಿ ಹೋದರು ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ತಾಯಿಗೆ ಅಂಡಾಶಯದ ಕ್ಯಾನ್ಸರ್, ಮಗಳಿಗೆ 38ಕ್ಕೇ ಸ್ತನ ಕ್ಯಾನ್ಸರ್ ಎಂದರೆ ನಮ್ಮ ಮನಸ್ಸು ಮೊದಲು ಓಡುವುದು ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ ಜೀನ್‌ಗಳ ಕಡೆಗೆ. 1990ರಲ್ಲಿ ಮೇರಿ ಕ್ಲೇರ್ ಕಿಂಗ್ ಅವರು ಮೊದಲನೆಯದು 17ನೇ ಕ್ರೋಮೋಸೋಮ್‌ನಲ್ಲಿದೆ ಎಂದು ತೋರಿಸಿದ್ದರು. ಇವು ಹುಲ್ಲುಕಡ್ಡಿಯ ಲೆಕ್ಕದವಲ್ಲ. ಬಿಆರ್‌ಸಿಎ1 ಕೆಟ್ಟಿರುವ ಹೆಂಗಸರಲ್ಲಿ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಆಗುವ ಸಾಧ್ಯತೆ ನೂರಕ್ಕೆ 72, ಅಂಡಾಶಯದ್ದು 44. ಬಿಆರ್‌ಸಿಎ2ರಲ್ಲಿ 69 ಮತ್ತು 17. ಇದೂ ಬಹುಮಟ್ಟಿಗೆ ಪಾಶ್ಚಾತ್ಯ ಕುಟುಂಬಗಳ ಲೆಕ್ಕ, ಆದರೂ ಗಾತ್ರ ತಿಳಿಯಲು ಸಾಕು. ಸ್ತನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 5ರಿಂದ 10 ಮಾತ್ರ ಹೀಗೆ ವಂಶದಿಂದ ಬರುತ್ತವೆ. ನಿಮ್ಮ ಮನೆಯದು ಹಾಗೇ ಎಂದು ನಾನು ಹೇಳುತ್ತಿಲ್ಲ. ಕೇಳಬೇಕಾದ ಪ್ರಶ್ನೆ ಇದು ಎನ್ನುತ್ತಿದ್ದೇನೆ.

ಎಂಜಲಿನ ಕಿಟ್ ಇದನ್ನು ಹೇಳಿರುತ್ತಿತ್ತಲ್ಲ ಎಂದು ತಮ್ಮ ಕೇಳಬಹುದು. ಬಹುತೇಕ ಕಿಟ್‌ಗಳು ಡಿಎನ್‌ಎಯ ಕೆಲವು ಗುರುತು ಹಾಕಿದ ಜಾಗಗಳನ್ನು ಮಾತ್ರ ನೋಡುತ್ತವೆ. ಈ ಎರಡು ಜೀನ್‌ಗಳು ಕೆಡಬಹುದಾದ ಬಗೆಗಳು ಸಾವಿರಾರು. ಅಮೆರಿಕದಲ್ಲಿ 2018ರಲ್ಲಿ ಇಂಥ ಒಂದು ಕಿಟ್‌ಗೆ ಬಿಆರ್‌ಸಿಎ ಫಲಿತಾಂಶ ಕೊಡಲು ಒಪ್ಪಿಗೆ ಸಿಕ್ಕಿತು. ಅದು ನೋಡುತ್ತಿದ್ದದ್ದು ಬರೀ ಮೂರು ಬದಲಾವಣೆ, ಅವೂ ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ ಹೆಚ್ಚು ಕಾಣುವಂಥವು. ಕಿಟ್‌ನಲ್ಲಿ ಏನೂ ಬಂದಿಲ್ಲ ಎಂದರೆ ಏನೂ ಇಲ್ಲ ಎಂದಲ್ಲ.

ಪರೀಕ್ಷೆ ಶುರುವಾಗಬೇಕಾದದ್ದು ನಿಮ್ಮಿಂದಲ್ಲ, ಮಗಳಿಂದಂತೂ ಅಲ್ಲವೇ ಅಲ್ಲ. ಕಾಯಿಲೆ ಬಂದವರಿಂದ, ಅಂದರೆ ಚಿಕ್ಕಮ್ಮನಿಂದ. ಅವರಲ್ಲಿ ಒಂದು ನಿರ್ದಿಷ್ಟ ಬದಲಾವಣೆ ಸಿಕ್ಕರೆ ನಿಮ್ಮ ಅಮ್ಮನಲ್ಲಿ, ನಿಮ್ಮಲ್ಲಿ ಅದೊಂದನ್ನೇ ಹುಡುಕಿದರೆ ಸಾಕು, ಖರ್ಚೂ ಕಡಿಮೆ. ಅದು ಅಜ್ಜಿಯಿಂದ ಬಂದಿದ್ದರೆ ಅಮ್ಮನಲ್ಲಿ ಇರುವ ಸಾಧ್ಯತೆ ಅರ್ಧ, ನಿಮ್ಮಲ್ಲಿ ಕಾಲು. ಅಮ್ಮನಲ್ಲಿ ಇಲ್ಲವಾದರೆ ನಿಮಗೂ ತಮ್ಮನಿಗೂ ಆ ಚಿಂತೆ ಅಲ್ಲಿಗೇ ಮುಗಿಯಿತು. ತಮ್ಮನನ್ನು ಯಾಕೆ ಸೇರಿಸಿದೆ ಎಂದರೆ, ಗಂಡಸರೂ ಇದನ್ನು ಹೊತ್ತು ಮಕ್ಕಳಿಗೆ ದಾಟಿಸುತ್ತಾರೆ. ಅಪ್ಪನ ಕಡೆಯ ಸೋದರತ್ತೆ, ಅಜ್ಜಿಯರ ಕಾಯಿಲೆಗಳನ್ನೂ ಹಾಗೇ ಬರೆದುಕೊಳ್ಳಿ. ಕೆಲವೊಮ್ಮೆ ಅರ್ಥ ಸ್ಪಷ್ಟವಿಲ್ಲದ ಬದಲಾವಣೆ ಎಂಬ ಉತ್ತರವೂ ಬರುತ್ತದೆ. ನಮ್ಮವರ ಡಿಎನ್‌ಎ ಮಾಹಿತಿ ಇನ್ನೂ ಕಡಿಮೆ ಸೇರಿರುವುದರಿಂದ ನಮ್ಮಲ್ಲಿ ಅದು ಹೆಚ್ಚು. ಹಾಗೆ ಬಂದರೆ ಅದನ್ನು ಹಿಡಿದು ಆಪರೇಷನ್‌ಗೆ ಓಡಬಾರದು. ಅದಕ್ಕೇ ಪರೀಕ್ಷೆಗೆ ಮೊದಲು ಜೆನೆಟಿಕ್ ಕೌನ್ಸೆಲರ್, ಅಂದರೆ ಜೀನ್ ಪರೀಕ್ಷೆಯ ಬಗ್ಗೆ ಸಲಹೆ ಕೊಡುವ ತಜ್ಞರ ಜೊತೆ ಕೂತು ಮಾತಾಡಬೇಕು. ಬೆಂಗಳೂರಿನ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಈ ವ್ಯವಸ್ಥೆ ಇದೆ.

ಮಗಳ ವಿಷಯದಲ್ಲಿ ಅವಸರ ಬೇಡ. ದೊಡ್ಡವಳಾದ ಮೇಲೆ ಬರುವ ಕಾಯಿಲೆಗೆ 18ರೊಳಗೆ ಸಾಮಾನ್ಯವಾಗಿ ಜೀನ್ ಪರೀಕ್ಷೆ ಮಾಡುವುದಿಲ್ಲ. ಬಿಆರ್‌ಸಿಎ ಇದ್ದರೂ ಎಂಆರ್‌ಐ ತಪಾಸಣೆ ಶುರುವಾಗುವುದು 25ರ ಸುಮಾರಿಗೆ. ಆ ಹೊತ್ತಿಗೆ ತನಗೆ ಗೊತ್ತಾಗಬೇಕೇ ಬೇಡವೇ ಎಂದು ಅವಳೇ ಹೇಳಲಿ. ನಿಮಗೆ 41 ಆಗಿದೆ, ಜೀನ್ ಪರೀಕ್ಷೆ ಏನೇ ಆಗಲಿ, ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಬಗ್ಗೆ ಡಾಕ್ಟರ ಹತ್ತಿರ ಈಗಲೇ ಮಾತಾಡಿ. ಎದೆಯಲ್ಲಿ ಗಂಟು, ಚರ್ಮ ಒಳಕ್ಕೆ ಸೆಳೆದಂತೆ ಕಾಣುವುದು, ತೊಟ್ಟಿನಿಂದ ರಕ್ತ ಇವು ಕಂಡರೆ ಯಾವ ವರದಿಗೂ ಕಾಯಬೇಡಿ.

ಬೆಂಗಳೂರಿಗೆ ಹೋಗುವಾಗ ಚಿಕ್ಕಮ್ಮನನ್ನು ಕರೆದುಕೊಂಡು ಹೋಗಿ. ಆಗ ಗಂಟಿನ ತುಣುಕು ತೆಗೆದು ಪರೀಕ್ಷಿಸಿದ ಬಯಾಪ್ಸಿ ವರದಿ ಮನೆಯಲ್ಲಿ ಎಲ್ಲಾದರೂ ಫೈಲಿನಲ್ಲಿ ಇದ್ದೀತು, ಹುಡುಕಿಸಿ. ಅದರಲ್ಲಿ ಇಆರ್, ಪಿಆರ್, ಹರ್2 ಎಂಬ ಮೂರು ಸಾಲು ಇರುತ್ತವೆ, ಇವು ಕ್ಯಾನ್ಸರ್ ಜೀವಕೋಶಗಳಲ್ಲಿ ಹುಡುಕುವ ಮೂರು ಗ್ರಾಹಕಗಳ ಹೆಸರು. ಮೂರರ ಮುಂದೆಯೂ ನೆಗೆಟಿವ್ ಎಂದಿದ್ದರೆ ಬಿಆರ್‌ಸಿಎ1ರ ಅನುಮಾನ ಇನ್ನೂ ಹೆಚ್ಚಾಗುತ್ತದೆ, ಕೌನ್ಸೆಲರ್ ಮೊದಲು ಕೇಳುವ ಕಾಗದವೂ ಅದೇ. ಅಜ್ಜಿಯನ್ನು ಆಗ ಯಾವ ಆಸ್ಪತ್ರೆಗೆ ಕರೆದೊಯ್ದಿದ್ದರು, ಹೊಟ್ಟೆಯ ನೀರು ತೆಗೆದು ಪರೀಕ್ಷೆಗೆ ಕಳಿಸಿದ್ದರೇ ಎಂದು ಅಮ್ಮನನ್ನು ಕೇಳಿಕೊಂಡು ಹೋಗಿ.